ಆಪ್ತಸಲಹೆ ಪ್ರಕರಣ: ಅಪ್ಪ ಕೊನೆಗೆ ನಗಲೇ ಇಲ್ಲ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಅಪ್ಪನ ನೆನಪಿಗೆ ಏನಾದರೊಂದು ವಸ್ತು ತನ್ನಿ ಎಂದಿದ್ದೆ. ಸಾಮಾನ್ಯವಾಗಿ ಜನ ಫೋಟೊ, ಕನ್ನಡಕ, ಹಳೆಯ ಅಂಗಿ ತರುತ್ತಾರೆ. 42 ವರ್ಷದ ಆಕೆ ತಂದದ್ದು ಆಸ್ಪತ್ರೆಯ ಫೈಲು. ಅಂಚು ಹರಿದು, ಟೇಪು ಹಚ್ಚಿಸಿಕೊಂಡು ಉಬ್ಬಿದ್ದ ಅದನ್ನು ಮೇಜಿನ ಮೇಲಿಟ್ಟು, "ನನ್ನ ಹತ್ತಿರ ಉಳಿದಿರುವ ಅಪ್ಪ ಇಷ್ಟೇ" ಎಂದರು.

ತಂದೆಗೆ ಪಾರ್ಕಿನ್ಸನ್ ಕಾಯಿಲೆ, ಮೈಯ ಚಲನೆಯನ್ನು ಮೆಲ್ಲಮೆಲ್ಲನೆ ಕುಗ್ಗಿಸುವ ಮಿದುಳಿನ ರೋಗ. 11 ವರ್ಷ ನರಳಿ, ಕಡೆಗೆ ನ್ಯುಮೋನಿಯಾ ಆಗಿ ತೀರಿಕೊಂಡಿದ್ದರು. ಆಕೆ ನನ್ನಲ್ಲಿಗೆ ಬರುವ ಹೊತ್ತಿಗೆ ಅದಾಗಿ 9 ತಿಂಗಳು. ಕೊನೆಯ 4 ವರ್ಷದ ಆರೈಕೆಯೆಲ್ಲ ಆಕೆಯದೇ. ದೂರು ಒಂದೇ: ಕಣ್ಣು ಮುಚ್ಚಿದರೆ ಹಾಸಿಗೆ ಹಿಡಿದ ಅಪ್ಪನೇ ಎದುರು ಬರುತ್ತಾರೆ. ಅದಕ್ಕೂ ಹಿಂದಿನ ಅಪ್ಪ ಎಷ್ಟು ಕರೆದರೂ ಬರುವುದಿಲ್ಲ.

ಮೊದಲ ಭೇಟಿಯಲ್ಲಿ ನಾನು ಆತುರಪಟ್ಟಿದ್ದೆ. ಅಪ್ಪನಿಗೊಂದು ಪತ್ರ ಬರೆಯಿರಿ ಎಂದು ಹೇಳಿ ಕಳುಹಿಸಿದ್ದೆ. ಖಾಲಿ ಹಾಳೆ ಹಿಡಿದು ಬಂದಿದ್ದರು. ನಮ್ಮ ವೃತ್ತಿಯಲ್ಲಿ ಈ ಪತ್ರದ ಉಪಾಯವನ್ನು ಎಲ್ಲ ನೋವಿಗೂ ಹಚ್ಚುವ ಮುಲಾಮಿನಂತೆ ಬಳಸಿಬಿಡುತ್ತೇವೆ. ಗಂಟಲಲ್ಲೇ ಸಿಕ್ಕಿಕೊಂಡ ಮಾತು ಕಾಗದಕ್ಕೂ ಇಳಿಯುವುದಿಲ್ಲ.

ಅದು ಹೊರಬಂದದ್ದು ಮೂರನೆಯ ಭೇಟಿಯಲ್ಲಿ, ಆಕೆ ಎದ್ದು ಬಾಗಿಲ ಬಳಿ ಚಪ್ಪಲಿ ಮೆಟ್ಟುವಾಗ. (ಬಹಳ ಮಂದಿ ಮುಖ್ಯವಾದದ್ದನ್ನು ಹೇಳುವುದು ಬಾಗಿಲ ಬಳಿಯೇ.) "ಅಪ್ಪ ಹೋದ ರಾತ್ರಿ ಎಂಟು ಗಂಟೆ ಮೈಮರೆತು ಮಲಗಿದೆ. ಎದ್ದಾಗ ಹಗುರವೆನಿಸಿತು. ಇಂಥವಳಿಗೆ ಅಪ್ಪನ ನೆನಪು ಯಾಕೆ ಬರಬೇಕು?"

ಮತ್ತೆ ಕೂರಿಸಿದೆ. ಈ ಕಾಯಿಲೆ ಬಲಿತ ಮೇಲೆ ರೋಗಿಗೆ ಮಗ್ಗುಲು ಬದಲಿಸಲೂ ಆಗುವುದಿಲ್ಲ. ನಾಲ್ಕು ವರ್ಷ ರಾತ್ರಿಗೆ ಮೂರು ಸಲ ಎದ್ದು ಅಪ್ಪನನ್ನು ಹೊರಳಿಸಿದ ದೇಹಕ್ಕೆ ಆ ರಾತ್ರಿ ನಿದ್ದೆ ಬಂತು. ಅದು ದಣಿವಿನ ಲೆಕ್ಕ, ಪ್ರೀತಿಯ ಲೆಕ್ಕ ಬೇರೆ ಎಂದೆ. ದೀರ್ಘ ಕಾಯಿಲೆಯ ಮನೆಯಲ್ಲಿ ಶೋಕ ಸಾವಿನ ದಿನಕ್ಕೆ ಕಾಯುವುದಿಲ್ಲ. ನಡಿಗೆ ಹೋದಾಗ ಒಮ್ಮೆ, ದನಿ ಕುಗ್ಗಿದಾಗ ಇನ್ನೊಮ್ಮೆ, ಹೀಗೆ ಆಕೆ ಅಪ್ಪನನ್ನು ಕಂತುಕಂತಾಗಿ ಕಳೆದುಕೊಂಡಿದ್ದರು.

ತಲೆಯಾಡಿಸಿದರು. ಆದರೆ ಮುಳ್ಳು ಇನ್ನೂ ಆಳದಲ್ಲಿತ್ತು. "ಒಂದು ದಿನ ತುತ್ತು ಬಾಯಲ್ಲೇ ಇಟ್ಟುಕೊಂಡು ಕೂತಿದ್ದರು. ಕಚೇರಿಗೆ ತಡವಾಗಿತ್ತು. 'ಬೇಗ ನುಂಗಪ್ಪಾ!' ಎಂದು ಕಿರುಚಿದೆ. ಆಮೇಲೆ ಅಪ್ಪ ನನ್ನನ್ನು ನೋಡಿ ನಗಲೇ ಇಲ್ಲ."

ಇಲ್ಲಿ ಸಮಾಧಾನದ ಮಾತಿಗಿಂತ ಮಾಹಿತಿ ಬೇಕಿತ್ತು. ಮಿದುಳಿನಲ್ಲಿ ಡೋಪಮಿನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕವನ್ನು ತಯಾರಿಸುವ ಕೋಶಗಳು ನಶಿಸುತ್ತ ಹೋದಂತೆ ಮುಖದ ಸ್ನಾಯುಗಳ ಚಲನೆಯೂ ಕುಗ್ಗುತ್ತದೆ. ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ. ಒಳಗೆ ಖುಷಿಯಾದರೂ ಮುಖಕ್ಕೆ ಆ ಸುದ್ದಿ ಮುಟ್ಟುವುದಿಲ್ಲ. ವೈದ್ಯರು ಇದನ್ನು ಮುಖವಾಡದಂಥ ಮುಖ ಎನ್ನುತ್ತಾರೆ. ನುಂಗುವುದು ನಿಧಾನವಾಗುವುದೂ ಇದೇ ಕಾಯಿಲೆಯ ಕೆಲಸ. ನನ್ನ ಮಾತನ್ನಷ್ಟೇ ನಂಬಬೇಡಿ, ಚಿಕಿತ್ಸೆ ಕೊಟ್ಟ ನರರೋಗ ತಜ್ಞರನ್ನೇ ಕೇಳಿ ಎಂದೆ. ಕೇಳಿ ಬಂದರು. ಅಂದು ಬಹಳ ಹೊತ್ತು ಅತ್ತರು. ನೀವು ಕಿರುಚಿದ್ದರಿಂದ ಅಪ್ಪನಿಗೆ ನೋವಾಗಿರಲಿಲ್ಲ ಎಂದು ನಾನು ಹೇಳಲಿಲ್ಲ, ಆಗಿದ್ದರೂ ಆಗಿರಬಹುದು. ನಗದ ಮುಖವನ್ನು ಮಾತ್ರ ಅದಕ್ಕೆ ಸಾಕ್ಷಿಯಾಗಿ ಕರೆಯಬೇಡಿ ಎಂದೆ.

ನಡುವೆ ಒಮ್ಮೆ, "ನಾನಿನ್ನೂ ಕೋಪದ ಹಂತದಲ್ಲಿದ್ದೇನೆಯೇ?" ಎಂದು ಕೇಳಿದರು. ಶೋಕಕ್ಕೆ ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂದು ಜನ ಎಣಿಸುವ ಈ ಐದು ಹಂತಗಳು ನನಗೆ ತಲೆನೋವು. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಅವನ್ನು ವಿವರಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಮಾತು ಕೇಳಿ. ಸಾವಿನ ನಂತರ ಉಳಿದವರು ಅವನ್ನು ಪರೀಕ್ಷೆಯಂತೆ ಒಂದೊಂದಾಗಿ ಪಾಸು ಮಾಡಬೇಕಾಗಿಲ್ಲ. ದೀರ್ಘಕಾಲಿಕ ಶೋಕವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಪರಿಷ್ಕರಣೆ ಒಂದು ಕಾಯಿಲೆಯಾಗಿಯೇ ಗುರುತಿಸಿದೆ, ನಿಜ. ಅದಕ್ಕೆ ಕನಿಷ್ಠ 6 ತಿಂಗಳು ಕಳೆದರೆ ಸಾಲದು. ತೀವ್ರ ಹಂಬಲ ಬಿಡದೆ ಕಾಡಿ, ದಿನನಿತ್ಯದ ಬದುಕು ಕುಸಿದಿರಬೇಕು. ಆಕೆಯ ಕೆಲಸ, ಊಟ, ನಿದ್ದೆ ನಡೆದಿದ್ದವು. ಹಣೆಪಟ್ಟಿ ಹಚ್ಚಲಿಲ್ಲ. ಬದುಕೇ ಬೇಡವೆನಿಸಿದರೆ ಮಾತ್ರ ನನ್ನ ಮುಂದಿನ ಭೇಟಿಗೆ ಕಾಯದೆ ಕೂಡಲೇ ಮನೋವೈದ್ಯರನ್ನು ಕಾಣಿ ಎಂದಿದ್ದೆ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಫೈಲನ್ನು ಎಸೆಯುವುದು ಬೇಡ, ಅಟ್ಟಕ್ಕೆ ಹಾಕಿ. ಕಾಯಿಲೆಗೆ ಮುಂಚೆ ಅಪ್ಪನನ್ನು ಬಲ್ಲವರ ಬಳಿ ಹೋಗಿ. "ಅಪ್ಪ ಹೇಗಿದ್ದರು?" ಎಂದು ಕೇಳಿದರೆ "ದೇವರಂಥ ಮನುಷ್ಯ" ಎನ್ನುತ್ತಾರೆ, ಅಷ್ಟಕ್ಕೇ ಮಾತು ಮುಗಿಯುತ್ತದೆ. ಯಾವುದಕ್ಕೆ ಸಿಟ್ಟಾಗುತ್ತಿದ್ದರು, ಯಾವ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದರು ಎಂದು ಕೇಳಿ.

ಹಳೆಯ ಸ್ನೇಹಿತರೊಬ್ಬರು ಅಪ್ಪ ಚೆನ್ನಾಗಿ ಸಿಳ್ಳೆ ಹಾಕುತ್ತಿದ್ದರು ಎಂದರಂತೆ. ಮಗಳಿಗೆ ಅದು ಗೊತ್ತೇ ಇರಲಿಲ್ಲ. ಆಮೇಲೆ ಅಪ್ಪನ ಲೆಕ್ಕದ ಡೈರಿಗಳು ಸಿಕ್ಕವು. ಹೊಸದರಿಂದ ಹಳೆಯದಕ್ಕೆ ಹೋಗುತ್ತ, ಇರುವೆ ಸಾಲಿನಂತಿದ್ದ ಅಕ್ಷರ ಪುಟಪುಟಕ್ಕೂ ದೊಡ್ಡದಾಗುತ್ತಿತ್ತು. ಅಕ್ಷರ ಕಿರಿದಾಗುವುದೂ ಈ ಕಾಯಿಲೆಯ ಒಂದು ಲಕ್ಷಣ. ಕಾಯಿಲೆ ಪತ್ತೆಯಾಗುವ ಎರಡು ವರ್ಷ ಮೊದಲೇ ಕೈಬರಹ ಕಿರಿದಾಗಿದ್ದು ಕಂಡು, "ಆಗಲೇ ನಾನು ಗಮನಿಸಬೇಕಿತ್ತು" ಎಂದು ಹೊಸ ತಪ್ಪೊಂದನ್ನು ಹೊತ್ತುಕೊಂಡು ಬಂದರು. ಆ ಡೈರಿಯನ್ನು ದಿನವೂ ಬರೆಯುತ್ತಿದ್ದ ಅಪ್ಪನಿಗೇ ಅದು ಗೊತ್ತಾಗಿರಲಿಲ್ಲವಲ್ಲ ಎಂದೆ. ಇನ್ನೂ ಹಿಂದಕ್ಕೆ ಹೋಗಿ ಎಂದು ಕಳುಹಿಸಿದೆ.

ಮುಂದಿನ ಸಲ ಒಂದು ಪುಟಕ್ಕೆ ದಾರ ಇಟ್ಟು ತಂದರು. ಖರ್ಚಿನ ಪಟ್ಟಿಯ ಕೆಳಗೆ ದುಂಡನೆಯ ದೊಡ್ಡ ಅಕ್ಷರದಲ್ಲಿ ಹೀಗಿತ್ತು: "ಇಂದು ಮಗಳು ಸೈಕಲ್ ಕಲಿತಳು. ಬಿದ್ದು ಮೊಣಕಾಲು ತರಚಿತು. ಹೆದರಿ, ಜೋರಾಗಿ ಬೈದುಬಿಟ್ಟೆ. ನಿದ್ದೆ ಬರುತ್ತಿಲ್ಲ." ಆಕೆ ಅದನ್ನು ಎರಡು ಸಲ ಓದಿ ಹೇಳಿದರು. ನಾನು ಏನೂ ಹೇಳಲಿಲ್ಲ.

ಆಗಲೇ ಮೊಬೈಲ್ ಅಲಾರಂ ಹೊಡೆಯಿತು. ಈ ಕಾಯಿಲೆಯ ಮಾತ್ರೆ ಹೊತ್ತು ತಪ್ಪಿದರೆ ಮೈ ಬಿಗಿಯುತ್ತದೆ. ಅದಕ್ಕೆಂದು ಇಟ್ಟಿದ್ದ ಅಲಾರಂ ಅದು. ಮನೆಯವರು ತೆಗೆದುಹಾಕು ಎನ್ನುತ್ತಿದ್ದರು, ಇರಲಿ ಬಿಡಿ ಎಂದಿದ್ದೆ ನಾನು. "ಅಪ್ಪನ ಮಾತ್ರೆಯ ಹೊತ್ತು" ಎಂದು ಅದನ್ನು ನಿಲ್ಲಿಸಿ, ಸೈಕಲ್ಲಿನ ಬಣ್ಣ ಯಾವುದಿತ್ತೆಂದು ನೆನಪಿಸಿಕೊಳ್ಳತೊಡಗಿದರು.