ಹೆಸರು ಕೊರೆಸಿ, ಕಂಪನಿ ನಂಬರ್ ಮುಟ್ಟಬೇಡಿ

ಮಲ್ಪೆಯ ಓದುಗರೊಬ್ಬರ ಪ್ರಶ್ನೆ: ದೋಣಿಯ ಔಟ್‌ಬೋರ್ಡ್ ಎಂಜಿನ್ ಮೇಲೆ ಹೆಸರು ಕೊರೆಸಬಹುದೇ? ಉಪ್ಪುಗಾಳಿಗೆ ತುಕ್ಕು ಹಿಡಿದ ಸ್ಕೂಟರಿನ ಚಾಸಿಸ್ ನಂಬರನ್ನು ಉಜ್ಜಿ ಹೊಸದಾಗಿ ಪಂಚ್ ಮಾಡಿಕೊಡುತ್ತೇನೆ ಎನ್ನುತ್ತಾರೆ ಗ್ಯಾರೇಜಿನವರು, ಮಾಡಿಸಲೇ? ಮಗಳಿಗೆ ಹಳೆ ಮೊಬೈಲ್ ಕೊಳ್ಳುವಾಗ ಏನು ನೋಡಬೇಕು?

ಎಂಜಿನ್ ಮೇಲೆ ಧಾರಾಳವಾಗಿ ಕೊರೆಸಿ, ಯಾರ ಅನುಮತಿಯೂ ಬೇಡ. ಕಾನೂನಿನಲ್ಲಿ ಅದು ಸ್ವತ್ತಿನ ಗುರುತು. ನಿಮಗೆ ಹಾನಿಯಾಗಲೆಂದು ಅದನ್ನು ಅಳಿಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 346ನೇ ಕಲಮಿನಡಿ 1 ವರ್ಷದವರೆಗೆ ಜೈಲು. ಆದರೆ ಮೇಲಿನ ಮುಚ್ಚಳವನ್ನಷ್ಟೇ ನಂಬಬೇಡಿ, ಅದನ್ನು ಬದಲಿಸುವುದು ಸುಲಭ. ದೋಣಿಗೆ ಸಿಕ್ಕಿಸುವ ಬ್ರಾಕೆಟ್ಟಿನಲ್ಲಿ ಒಂದು ಗುರುತು, ಮುಚ್ಚಳ ಬಿಚ್ಚಿದರಷ್ಟೇ ಕಾಣುವಲ್ಲಿ ಇನ್ನೊಂದು ಇರಲಿ. ಸೀರಿಯಲ್ ನಂಬರಿನ ತಗಡಿಗೆ ಸೂಜಿ ತಾಗಬಾರದು. ಕೊರೆದಲ್ಲಿ ಬಣ್ಣ ಹೋಗಿ ಅಲ್ಯೂಮಿನಿಯಂ ಬಯಲಾಗುತ್ತದೆ. ಉಪ್ಪುನೀರು ತಾಗಿದರೆ ಬಿಳಿ ಪುಡಿ ಏಳುತ್ತದೆ. ಹಾಗಾಗಿ ಅದೇ ದಿನ ಪ್ರೈಮರ್ ಹಚ್ಚಿ ಬಣ್ಣ ಬಳಿಯಿರಿ.

ಚಾಸಿಸ್ ನಂಬರ್ ವಿಷಯದಲ್ಲಿ ಮಾತ್ರ ಖಂಡಿತ ಬೇಡ. ಗಾಡಿ ನಿಮ್ಮದೇ ಆದರೂ ಆ ನಂಬರ್ ದಾಖಲೆಗೆ ಸೇರಿದ್ದು. ಉಜ್ಜಿದ ಜಾಗ ಕಂಡರೆ ಕದ್ದ ಮಾಲೆಂಬ ಅನುಮಾನದ ಮೇಲೆ ಪೊಲೀಸರು ಗಾಡಿಯನ್ನು ವಶಕ್ಕೆ ಪಡೆಯಬಹುದು. ಪಂಚ್ ಬಿದ್ದಾಗ ಕೆಳಗಿನ ಉಕ್ಕೂ ಒತ್ತಿಹೋಗಿರುತ್ತದೆ. ಮೇಲ್ಮೈ ಉಜ್ಜಿದರೂ ವಿಧಿವಿಜ್ಞಾನ ಪ್ರಯೋಗಾಲಯದವರು ಆಮ್ಲ ಸವರಿ ಹಳೆಯ ಅಂಕಿಗಳನ್ನು ಎಬ್ಬಿಸಬಲ್ಲರು. ಅಲ್ಲಿಯವರೆಗೆ ಪ್ರಾಮಾಣಿಕ ಮಾಲೀಕನೂ ಕಳ್ಳನಂತೆ ಉತ್ತರ ಕೊಡುತ್ತ ನಿಲ್ಲಬೇಕು. ಇದು ನಿಮಗೆ ಬರಬಾರದು.

ಗ್ರೈಂಡರ್, ಎಮರಿ ಪೇಪರ್ ಎರಡೂ ದೂರವಿಡಿ. ಹತ್ತಿಯನ್ನು ಡೀಸೆಲಿನಲ್ಲಿ ಅದ್ದಿ ನಂಬರಿನ ಮೇಲೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಹಳೆ ಟೂತ್‌ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ, ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿ. ಕಣ್ಣಿಗೆ ಕಾಣದ ಅಕ್ಷರವೂ ಎಷ್ಟೋ ಸಲ ಕಾಗದದಲ್ಲಿ ಮೂಡುತ್ತದೆ. ಅಕ್ಷರ, ಅಂಕಿ ಸೇರಿ ಒಟ್ಟು 17 ಇರಬೇಕು. ಇಂಗ್ಲಿಷಿನ ಐ, ಓ, ಕ್ಯೂ ಇದರಲ್ಲಿ ಬರುವುದೇ ಇಲ್ಲ, ಓ ತರಹ ಕಂಡರೆ ಅದು ಸೊನ್ನೆ. ಆರ್‌ಸಿಯೊಡನೆ ತಾಳೆಯಾದರೆ ತೆಳ್ಳಗೆ ಗ್ರೀಸ್ ಸವರಿ ಬಿಡಿ. ಮೂಡದಿದ್ದರೆ ಗಾಡಿ, ಆರ್‌ಸಿ, ವಿಮೆ ಪತ್ರ ಹಿಡಿದು ಉಡುಪಿ ಆರ್‌ಟಿಒಗೆ ಅರ್ಜಿ ಕೊಡಿ. ಇನ್‌ಸ್ಪೆಕ್ಟರ್ ನೋಡಿ ಲಿಖಿತ ಅನುಮತಿ ಕೊಟ್ಟ ಮೇಲಷ್ಟೇ ಪಂಚ್.

ಮೊಬೈಲಿನ 15 ಅಂಕಿಯ ಗುರುತಿನ ನಂಬರನ್ನು (ಐಎಂಇಐ) ತಿದ್ದಿದರೆ 2023ರ ದೂರಸಂಪರ್ಕ ಕಾಯ್ದೆಯಡಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಹಣ ಕೊಡುವ ಮುನ್ನ *#06# ಒತ್ತಿ ನಂಬರ್ ನೋಡಿ, ಬಾಕ್ಸ್ ಮತ್ತು ಬಿಲ್ಲಿನೊಡನೆ ಹೋಲಿಸಿ. ಬಳಿಕ ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ನಂಬರ್ ಸೇರಿಸಿ 14422ಕ್ಕೆ ಎಸ್ಎಂಎಸ್ ಕಳಿಸಿ. ಬ್ಲಾಕ್ ಆಗಿದೆ ಅಥವಾ ಡೂಪ್ಲಿಕೇಟ್ ಎಂಬ ಉತ್ತರ ಬಂದರೆ ಎಷ್ಟೇ ಅಗ್ಗವಾದರೂ ಆ ಮೊಬೈಲ್ ಕೊಳ್ಳಬೇಡಿ.

– ಸಂ.