ಬಾರ್ಬರ್ ಪದ ಎಲ್ಲಿಂದ ಬಂತು? ಅದಕ್ಕೂ ‘ಬರ್ಬರ’ಕ್ಕೂ ನಂಟಿದೆಯೇ?

ನಂಟಿಲ್ಲ. ಎರಡೂ ಒಂದೇ ಬೇರಿನ ಪದಗಳು ಅಂತ ನೀವು ಅಂದುಕೊಂಡಿದ್ದೀರಿ. ನಾನೂ ಹಾಗೇ ಅಂದುಕೊಂಡು ಅಚ್ಚು ಹಾಕಿಸಿಬಿಟ್ಟಿದ್ದೆ.

ಆಗ ಒಂದು ಮಾಸಿಕಕ್ಕೆ ಪದಗಳ ಹುಟ್ಟಿನ ಬಗ್ಗೆ ಅಂಕಣ ಬರೆಯುತ್ತಿದ್ದೆ. ರೋಮನ್ನರು ಗಡ್ಡ ಬೋಳಿಸುತ್ತಿದ್ದರು, ಹೊರಗಿನವರು ಬಿಡುತ್ತಿದ್ದರು. ಹಾಗಾಗಿ ಗಡ್ಡದವರು ‘ಬರ್ಬರರು’, ಆ ಗಡ್ಡ ತೆಗೆಯುವವನು ‘ಬಾರ್ಬರ್’ ಎಂದು ಬರೆದೆ. ಕ್ಷೌರದ ಕಸುಬಿನ ಮನೆತನದ ಓದುಗರೊಬ್ಬರಿಂದ ಪತ್ರ ಬಂತು. ‘ನಮ್ಮ ಕೆಲಸದ ಹೆಸರಿನಲ್ಲೇ ಕ್ರೌರ್ಯ ಇದೆ ಅಂತೀರಾ?’ ಎಂದು ಕೇಳಿದ್ದರು. ಅವರಿಗೆ ನೋವಾಗಿತ್ತು. ಅಂಕಣ ಅಲ್ಲಿಗೇ ನಿಂತಿತು.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಗುಂಡಿ ಇನ್ನೂ ಹಾಗೇ ಬಾಯಿ ತೆರೆದುಕೊಂಡಿದೆ. ಲ್ಯಾಟಿನ್‌ನಲ್ಲಿ ‘ಬಾರ್ಬಾ’ ಅಂದರೆ ಗಡ್ಡ. ಗ್ರೀಕ್‌ನಲ್ಲಿ ‘ಬಾರ್ಬರೋಸ್’ ಅಂದರೆ ಪರಭಾಷೆಯವನು. ಸದ್ದು ಹೊಂದಿತು, ನಾನು ಗಂಟು ಹಾಕಿದೆ. ಒಂದೊಂದೂ ಯಾವ ದಾರಿಯಲ್ಲಿ ಬಂತು ಅಂತ ಬೇರೆ ಬೇರೆಯಾಗಿ ನೋಡಲೇ ಇಲ್ಲ. ಗ್ರೀಕರಿಗೆ ಪರಭಾಷೆಯ ಮಾತು ಸುಮ್ನೆ ‘ಬರ್ ಬರ್’ ಅಂತ ಕೇಳಿಸುತ್ತಿತ್ತು, ಪದ ಹುಟ್ಟಿದ್ದು ಅದರಿಂದ. ಸಂಸ್ಕೃತದ ‘ಬರ್ಬರ’ಕ್ಕೂ ತೊದಲು ಮಾತಿನವನು ಎಂಬ ಅರ್ಥವಿದೆ. ನಮ್ಮ ಪತ್ರಿಕೆಗಳ ‘ಬರ್ಬರ ಹತ್ಯೆ’ ಬಂದಿದ್ದು ಈ ಕಡೆಯಿಂದ. ಇನ್ನೊಂದು ಮಾತು: ಬಾರ್ಬರೋಸ್ ಎಂದು ಇತರರನ್ನು ಕರೆಯುತ್ತಿದ್ದ ಆ ಹಳೆಯ ಗ್ರೀಕರೇ ಗಡ್ಡ ಬಿಡುತ್ತಿದ್ದರು! ಇದೊಂದು ನೆನಪಾಗಿದ್ದರೂ ನನ್ನ ಕೈ ತಡೆಯುತ್ತಿತ್ತು.

ಬಾರ್ಬರ್ ಮಾತ್ರ ‘ಬಾರ್ಬಾ’ದ ಮಗ. ಲ್ಯಾಟಿನ್‌ನಿಂದ ಹಳೆಯ ಫ್ರೆಂಚ್‌ಗೆ, ಅಲ್ಲಿಂದ ಇಂಗ್ಲಿಷ್‌ಗೆ ಬಂತು. ಇವತ್ತು ತಲೆಗೂದಲ ಕೆಲಸವೇ ಜಾಸ್ತಿ ಇರಬಹುದು, ಹೆಸರು ಕೊಟ್ಟಿದ್ದು ಗಡ್ಡ. ಮುಳ್ಳುತಂತಿಗೆ ಹೇಳುವ ‘ಬಾರ್ಬ್ಡ್ ವೈರ್’ ಕೂಡ ಇದೇ ಮನೆತನದ್ದು.

ಆದರೆ ನನ್ನನ್ನು ಕೇಳಿದರೆ, ನೀವು ಹುಡುಕಬೇಕಾದ ಪದ ಬೇರೆಯೇ ಇದೆ. ‘ಕ್ಷೌರಿಕ’ ಸರಳ, ‘ಕ್ಷುರ’ ಅಂದರೆ ಕ್ಷೌರದ ಕತ್ತಿ. ‘ಹಜಾಮ’ ನೋಡಿ. ಅದರ ಮೂಲ ಅರಬ್ಬಿಯ ‘ಹಜ್ಜಾಮ್’. ಕೊಂಬು ಅಥವಾ ಬಟ್ಟಲು ಇಟ್ಟು ಮೈಯಿಂದ ರಕ್ತ ತೆಗೆಯುವ ಚಿಕಿತ್ಸೆ ಮಾಡುವವನು ಎಂದರ್ಥ. ಯುರೋಪಿನಲ್ಲೂ ಬಾರ್ಬರ್‌ಗಳು ರಕ್ತ ತೆಗೆಯುತ್ತಿದ್ದರು, ಹಲ್ಲು ಕೀಳುತ್ತಿದ್ದರು, ಗಾಯ ಕಟ್ಟುತ್ತಿದ್ದರು. ಲಂಡನ್ನಿನಲ್ಲಿ 1540ರಿಂದ 1745ರವರೆಗೆ ಬಾರ್ಬರ್‌ಗಳಿಗೂ ಶಸ್ತ್ರವೈದ್ಯರಿಗೂ ಒಂದೇ ಸಂಘ ಇತ್ತು. ಬೇನೆ ವಾಸಿ ಮಾಡುತ್ತಿದ್ದವರ ಹೆಸರನ್ನು ನಾವು ಬೈಗುಳ ಮಾಡಿಕೊಂಡು ಕೂತಿದ್ದೇವೆ, ಅಲ್ವಾ? ನಾನಂತೂ ಆ ಪದವನ್ನು ಬೈಗುಳವಾಗಿ ಯಾರ ಬಾಯಲ್ಲಿ ಕೇಳಿದರೂ ತಡೆದು ಅರ್ಥ ಹೇಳುತ್ತೇನೆ.

ಪದಗಳ ಬಗ್ಗೆ ಬರೆಯುವ ಆಸೆ ನಿಮಗೂ ಇದ್ದರೆ, ಸದ್ದು ಹೊಂದುವ ಎರಡು ಪದ ಸಿಕ್ಕಾಗ ಎರಡರ ಅತಿ ಹಳೆಯ ಅರ್ಥವನ್ನೂ ನಿಘಂಟಿನಲ್ಲಿ ತೆಗೆದು ನೋಡಿ. ಆಮೇಲೆ ಬರೆಯಿರಿ.