ಹಿಸ್ಟರಿ ಓದಿದವರು ಈಗ ಎಲ್ಲಿದ್ದೀರಿ?

ನಿಮ್ಮ ಪ್ರಶ್ನೆ ಇದು: "ಉಡುಪಿಯಲ್ಲಿ ಬಿಎ ಎರಡನೇ ವರ್ಷದಲ್ಲಿದ್ದೇನೆ, ಹಿಸ್ಟರಿ ತಗೊಂಡಿದ್ದೇನೆ. ಮನೆಗೆ ಬಂದವರೆಲ್ಲ 'ಇದನ್ನು ಓದಿ ಮುಂದೆ ಎಂತ ಮಾಡ್ತಿ' ಅಂತ ಕೇಳ್ತಾರೆ. ಹಿಸ್ಟರಿ ಓದಿದವರು ಈಗ ನಿಜವಾಗಿ ಎಲ್ಲಿದ್ದೀರಿ, ಏನು ಮಾಡ್ತಿದ್ದೀರಿ?"

ನಾನು ಮಂಗಳೂರಿನಲ್ಲಿ ವಕೀಲೆ. 2011ರಲ್ಲಿ ಬಿಎ ಮುಗಿಸಿದೆ. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್. ನನಗೆ ಬರುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ನಾನು ಹಿಸ್ಟರಿ ಓದಿದ್ದರಿಂದಲೇ.

ಆ ಪ್ರಶ್ನೆ ಕೇಳುವವರ ಮೇಲೆ ಬೇಜಾರು ಮಾಡಬೇಡಿ. ನಮ್ಮದು ಬ್ಯಾಂಕುಗಳು ಹುಟ್ಟಿದ ಊರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, ಆಮೇಲೆ ಕರ್ಣಾಟಕ, ಸಿಂಡಿಕೇಟ್, ವಿಜಯಾ. ಎಷ್ಟೋ ಮನೆಗಳು ಕಾಮರ್ಸ್ ಓದಿದ ಒಬ್ಬ ಮಗನಿಂದ ಮೇಲೆ ಬಂದವು. ಅವರು ಕಂಡ ದಾರಿಯನ್ನೇ ಅವರು ಹೇಳುತ್ತಾರೆ, ಅಷ್ಟೆ.

ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದೆ. ಸಂಬಳ ತಿಂಗಳಿಗೆ 4,500. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಮಕ್ಕಳು ಇಷ್ಟವಾಗಿದ್ದರು, ಆದರೆ ಬಸ್ಸಿನ ಖರ್ಚು ಕಳೆದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಆಗ ಪರಿಚಯದವರೊಬ್ಬರು ವಕೀಲರ ಆಫೀಸಿಗೆ ಕನ್ನಡ ಟೈಪ್ ಮಾಡುವವರು ಬೇಕಂತೆ ಅಂದರು. ಹೋದೆ.

ಅಲ್ಲಿ ಸೇರಿ ಒಂದು ತಿಂಗಳು ಆಗಿತ್ತೇನೋ, ಕಾಪು ಕಡೆಯ ಅಜ್ಜಿಯೊಬ್ಬರು ಒಂದು ಪ್ಲಾಸ್ಟಿಕ್ ತೊಟ್ಟೆ ಹಿಡಿದುಕೊಂಡು ಬಂದರು. ಒಳಗೆ ನಾಲ್ಕು ಮಡಿಕೆಯ ಹಳೇ ಕಾಗದ. "ಇದನ್ನು ಓದುವವರು ಯಾರೂ ಸಿಗಲಿಲ್ಲ ಮಗಾ" ಅಂತ ತುಳುವಿನಲ್ಲಿ ಹೇಳಿದರು. ಅವರ ಮನೆ ಇರುವ ಜಾಗ ಮೂಲಗೇಣಿಯದ್ದೋ ಚಾಲಗೇಣಿಯದ್ದೋ ಅಂತ ತಕರಾರು. ನಮ್ಮ ಕಡೆಯವರಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ. ಮೂಲಗೇಣಿ ಅಂದರೆ ಶಾಶ್ವತ, ಗೇಣಿ ಏರಿಸುವ ಹಾಗಿಲ್ಲ, ಎಬ್ಬಿಸುವ ಹಾಗಿಲ್ಲ. ಚಾಲಗೇಣಿಗೆ ಆ ಭದ್ರತೆ ಇರಲಿಲ್ಲ. ಒಂದು ಶಬ್ದದ ಮೇಲೆ ಅಜ್ಜಿಯ ಮನೆ ನಿಂತಿತ್ತು.

ಕಾಗದ ಸರಿಯಾಗಿ ಮಡಿಕೆಯಲ್ಲೇ ಹರಿದಿತ್ತು. ಆ ಶಬ್ದವೂ ಇಲ್ಲ, ಇಸವಿಯೂ ಇಲ್ಲ. ಉಳಿದದ್ದು "ಪ್ರಭವ ಸಂವತ್ಸರ" ಅಂತ ಮಾತ್ರ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ ಅಂದರೆ 1867, 1927 ಅಥವಾ 1987. ಗೇಣಿಯ ಲೆಕ್ಕ ಆಣೆ, ಪೈಯಲ್ಲಿತ್ತು, ಹಾಗಾಗಿ 1987 ಅಲ್ಲ. ಛಾಪಾ ಕಾಗದದ ಮೇಲ್ಗಡೆ ಗಡ್ಡ ಬಿಟ್ಟ ರಾಜನ ಮುಖ, ಐದನೇ ಜಾರ್ಜ್. 1867ರಲ್ಲಿ ಇದ್ದದ್ದು ವಿಕ್ಟೋರಿಯಾ ರಾಣಿ. ಅಲ್ಲಿಗೆ 1927-28 ಅಂತ ಗಟ್ಟಿಯಾಯಿತು. ವರ್ಷ ಗೊತ್ತಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೇ ಪುಸ್ತಕ ಹುಡುಕಿಸಬಹುದು. ಮೂರು ತಿಂಗಳು ಹಿಡಿಯಿತು. ನಕಲು ಸಿಕ್ಕಿತು. ಮೊದಲನೇ ಸಾಲಿನಲ್ಲೇ "ಮೂಲಗೇಣಿ ಚೀಟು" ಅಂತ ಸ್ಪಷ್ಟವಾಗಿ ಬರೆದಿತ್ತು.

ಸೀನಿಯರ್ ಸರ್ ಆ ದಿನ ಕೇಳಿದರು, "ಇದನ್ನೆಲ್ಲ ಎಲ್ಲಿ ಕಲಿತದ್ದು?" ಫೈನಲ್ ಇಯರಿನಲ್ಲಿ ಪ್ರಾಜೆಕ್ಟಿಗೆ ಅಂತ ಒಂದು ಗುತ್ತಿನ ಮನೆಯ, ಅಂದರೆ ಊರಿನ ಹಳೇ ಜಮೀನ್ದಾರರ ಮನೆಯ, ಲೆಕ್ಕದ ಪುಸ್ತಕ ಓದಿದ್ದೆ. ಮೊದಲ ವಾರ ಒಂದು ಪುಟವೂ ಆಗಲಿಲ್ಲ. ಪದಗಳ ನಡುವೆ ಜಾಗ ಬಿಡದ ಕೂಡಕ್ಷರ. ಮೇಡಂ ಹೇಳಿಕೊಟ್ಟದ್ದು ಒಂದೇ: ಯಾರು ಬರೆದದ್ದು, ಯಾವಾಗ, ಯಾರಿಗೆ ಬೇಕಾಗಿ ಬರೆದದ್ದು ಅಂತ ಕೇಳ್ತಾ ಓದು. ನಾನು ಇವತ್ತಿಗೂ ಮಾಡುವುದು ಅದನ್ನೇ.

ಸರ್ ಹೇಳಿದ ಮೇಲೆಯೇ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದೆ. ನಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಬರವಿಲ್ಲ. 1956ರವರೆಗೆ ನಾವು ಮದ್ರಾಸಿಗೆ ಸೇರಿದ್ದೆವು, ಹಾಗಾಗಿ ನಮ್ಮ ಭೂಮಿಯ ಕಾಗದಗಳ ಭಾಷೆಯೇ ಬೇರೆ. ವರ್ಗ ಅಂದರೆ ಸ್ವಂತ ಪಟ್ಟಾ ಜಾಗ, ಕುಮ್ಕಿ ಅಂದರೆ ಅದಕ್ಕೆ ತಾಗಿದ, ವರ್ಗದಾರರಿಗೆ ಕೆಲವು ಸೌಲಭ್ಯ ಇರುವ ಸರ್ಕಾರಿ ಜಾಗ, ಡಿಕ್ಲರೇಷನ್ ಅಂದರೆ 1974ರ ಭೂಸುಧಾರಣೆಯ ನಂತರ ಗೇಣಿದಾರರು ಜಮೀನಿನ ಹಕ್ಕು ಕೇಳಿ ಕೊಟ್ಟ ಅರ್ಜಿ. ತಾಯಿಯ ಕಡೆಯಿಂದ ಆಸ್ತಿ ಬರುವ ಅಳಿಯಕಟ್ಟಿನ ಮನೆಗಳ ಪಾಲುಪಟ್ಟಿ ಬಂದರೆ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಗೆ ಹೋಗಬೇಕು, ಕವರು, ಅಂದರೆ ತಾಯಿಯ ಕಡೆಯ ಕವಲು, ಲೆಕ್ಕ ಹಾಕಬೇಕು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡು ಕಡೆಯ ಹಳೇ ಪತ್ರಗಳು ಕನ್ನಡದಲ್ಲಿ, ಈಗಿನ ಕಚೇರಿಯ ಕಾಗದ ಮಲಯಾಳದಲ್ಲಿ. ಇದು ಹೀಗೆ ಯಾಕಾಯಿತು ಅಂತ ಗೊತ್ತಿಲ್ಲದಿದ್ದರೆ ಫೈಲು ಅರ್ಥವೇ ಆಗುವುದಿಲ್ಲ.

ನನ್ನ ಕ್ಲಾಸಿನವರ ಕಥೆ ಕೇಳಿದರೆ ಒಂದೊಂದು ಒಂದೊಂದು ಕಡೆ. ಇಬ್ಬರು ಬಿ.ಎಡ್ ಮಾಡಿ ಸರ್ಕಾರಿ ಶಾಲೆಯಲ್ಲಿದ್ದಾರೆ. ಒಬ್ಬಳು ಎಂಎ, ಬಿ.ಎಡ್ ಎರಡೂ ಮಾಡಿ ಪಿಯು ಲೆಕ್ಚರರ್. ಒಬ್ಬ ಐಬಿಪಿಎಸ್ ಬರೆದು ಬ್ಯಾಂಕಿಗೆ ಹೋದ, ಅದಕ್ಕೆ ಯಾವ ಡಿಗ್ರಿಯಾದರೂ ಆಗುತ್ತದೆ. ಒಬ್ಬ ದುಬೈಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾನೆ, ಊರಿಗೆ ಬಂದಾಗಲೆಲ್ಲ ಬಾರಕೂರಿಗೆ ಹೋಗಿ, ಹಿಂದೆ ತುಳುನಾಡನ್ನು ಆಳಿದ ಆಳುಪರ ಕಾಲದ ಕಲ್ಲುಗಳನ್ನು ನೋಡಿ ಬರುತ್ತಾನೆ. ಅವನಿಗೆ ಹಿಸ್ಟರಿ ಕೆಲಸ ಕೊಡಲಿಲ್ಲ, ಆದರೆ ಅವನು ಅದನ್ನು ಬಿಡಲಿಲ್ಲ. ಅದೂ ಒಂದು ದಾರಿಯೇ ಅಲ್ವಾ?

ನನಗೆ ತುಂಬ ಖುಷಿ ಕೊಡುವುದು ಗೈಡ್ ಆದ ಗೆಳತಿಯ ಕೆಲಸ. ಪಣಂಬೂರು ಬಂದರಿಗೆ ಕ್ರೂಸ್ ಹಡಗು ಬಂದ ದಿನ ಅವಳು ಬೆಳಿಗ್ಗೆ ಬೇಗ ಗೇಟಿನ ಹತ್ತಿರ ಇರುತ್ತಾಳೆ. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಕದ್ರಿಯ ಲೋಕೇಶ್ವರ ವಿಗ್ರಹದ ಮುಂದೆ ನಿಂತು, ಇದು 968ನೇ ಇಸವಿಯದ್ದು, ಆಳುಪ ರಾಜ ಕುಂದವರ್ಮ ಮಾಡಿಸಿದ್ದು, ಪೀಠದಲ್ಲೇ ಬರೆದಿದೆ ಅಂದಳು. ಅಷ್ಟು ಹೊತ್ತು ಫೋಟೋ ತೆಗೆಯುತ್ತಿದ್ದವರು ಫೋನು ಕೆಳಗಿಳಿಸಿ ಕೇಳತೊಡಗಿದರು. ಆದರೆ ಹಡಗು ಬರುವುದು ಮಳೆಗಾಲ ಬಿಟ್ಟು ಮಾತ್ರ. ಉಳಿದ ತಿಂಗಳು ಅವಳು ಟ್ಯೂಷನ್ ಮಾಡುತ್ತಾಳೆ.

ಒಂದು ಮಾತು ನೇರವಾಗಿ ಹೇಳ್ತೇನೆ. ಬರೀ ಬಿಎ ಹಿಸ್ಟರಿ ಇಟ್ಟುಕೊಂಡು ಒಳ್ಳೆ ಸಂಬಳದ ಕೆಲಸ ಸಿಕ್ಕಿದವರನ್ನು ನಾನು ನೋಡಿಲ್ಲ. ನಮ್ಮಲ್ಲಿ ನೆಲೆ ನಿಂತವರೆಲ್ಲ ಅದರ ಜೊತೆಗೆ ಇನ್ನೊಂದನ್ನು ಕಟ್ಟಿಕೊಂಡವರು: ಬಿ.ಎಡ್, ಲಾ, ಒಂದು ಪರೀಕ್ಷೆ, ಒಂದು ಭಾಷೆ. ಶಾಸನ, ಉತ್ಖನನದಲ್ಲೇ ಇರಬೇಕು ಅಂತ ಆಸೆ ಇದ್ದರೆ ಎಂಎ ಮಾಡಲೇಬೇಕು. ಕೊಣಾಜೆಯ ಮಂಗಳೂರು ವಿವಿಯಲ್ಲೇ ಉಂಟು. ಆಮೇಲೆ ಪುರಾತತ್ವ ಇಲಾಖೆಯ ಎರಡು ವರ್ಷದ ಡಿಪ್ಲೊಮಾ ಗ್ರೇಟರ್ ನೊಯ್ಡಾದಲ್ಲಿ, ದಾಖಲೆ ಕಾಪಾಡುವ ಒಂದು ವರ್ಷದ ಕೋರ್ಸ್ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ. ಹುದ್ದೆಗಳು ಕಡಿಮೆ, ಕಾಯಬೇಕಾಗುತ್ತದೆ. ಮನೆಯ ಪರಿಸ್ಥಿತಿ ಕಾಯಲು ಬಿಡುತ್ತದಾ ಅಂತ ಮೊದಲೇ ಕೂತು ಮಾತಾಡಿ. ನನಗೆ ಬಿಡುತ್ತಿರಲಿಲ್ಲ, ಅದಕ್ಕೇ ನಾನು ಎಂಎ ಮಾಡಲಿಲ್ಲ. ಆ ಬೇಸರ ಇನ್ನೂ ಇದೆ.

ನಿಮಗೆ ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಸಮಯ ಇದೆ. ಈ ರಜೆಯಲ್ಲಿ ನಿಮ್ಮ ಅಜ್ಜನ ಮನೆಯಲ್ಲಿ ಜಾಗದ ಕಾಗದಗಳ ಪೆಟ್ಟಿಗೆ ಎಲ್ಲಿದೆ ಅಂತ ಕೇಳಿ. ತೀರಾ ಹಳೇದೊಂದನ್ನು ತೆಗೆದು, ಬಿಡಿಸುವಾಗ ಮಡಿಕೆ ಹರಿಯದ ಹಾಗೆ ಮೇಜಿನ ಮೇಲೆ ಹರಡಿ, ಒಂದೊಂದೇ ಅಕ್ಷರ ಪುಸ್ತಕದಲ್ಲಿ ಬರೆದುಕೊಳ್ಳಿ. ಹೆಸರು, ನಂಬರು ಮುಚ್ಚಿ, ಓದಲಾಗದ ಆ ಒಂದು ಸಾಲಿನ ಫೋಟೋ ಮಾತ್ರ ಇಲ್ಲಿ ಹಾಕಿ. ನಾನು ರಾತ್ರಿ ಒಂಬತ್ತರ ಮೇಲೆ ಬಿಡುವಾಗಿರುತ್ತೇನೆ, ಒಟ್ಟಿಗೆ ಓದುವ.